ಬೆಂಕಿಗೆ ಹಿಡಿಯದ ರೂಪಾಯಿ

ಶಿಕಾರಿಪುರದ ಪೇಟೆಯಲ್ಲಿ ಮಾಜಿದಾಳ ಬಾಯಿಗೆ ಹೆದರದವರು ಕಡಿಮೆ. ಹಾಗಂತ ಅವಳೇನು ಜಗಳಗಂಟಿಯಲ್ಲ. ಅವಳ ಕೆಲಸವೇ ಅಂಥದ್ದು, ಹಳೆಯ ಬೆಳ್ಳಿ ನಾಣ್ಯ ನೋಡಿ ಬೆಲೆ ಹೇಳುವುದು. ಮನೆಯಲ್ಲಿ ರಾಣಿ ತಲೆಯ ರೂಪಾಯಿ ಇದ್ದರೆ ನೀವು ಲಕ್ಷಾಧೀಶರು ಎಂದು ಯಾವನೋ ಪುಣ್ಯಾತ್ಮ ಮೊಬೈಲಿನಲ್ಲಿ ಹೇಳಿರುತ್ತಾನೆ. ಅದನ್ನು ನಂಬಿದವರು ಅಜ್ಜಿಯ ನಾಣ್ಯವನ್ನು ರೇಷ್ಮೆ ಚೂರಿನಲ್ಲಿ ಸುತ್ತಿಕೊಂಡು, ದಾರಿಯಲ್ಲೇ ಕಾರಿನ ಬಣ್ಣವನ್ನೂ ಆರಿಸಿಕೊಂಡು ಅವಳ ಅಂಗಡಿ ಮೆಟ್ಟಿಲು ಹತ್ತುತ್ತಾರೆ. ಮಾಜಿದಾ ಅರ್ಧ ನಿಮಿಷ ನೋಡಿ, "ತೂಕದ ಬೆಲೆ ರೀ, ಅಷ್ಟೇ" ಎನ್ನುತ್ತಾಳೆ. ಬಂದವರ ಮುಖ ಸಪ್ಪಗಾಗುತ್ತದೆ. ಕೆಲವರು ಬೈದುಕೊಂಡು ಹೋಗುತ್ತಾರೆ. ಶಿವಮೊಗ್ಗ, ದಾವಣಗೆರೆ ಸುತ್ತಿ, ಬಸ್ಸಿನ ಖರ್ಚು ಮೈಮೇಲೆ ಹಾಕಿಕೊಂಡು, ತಿಂಗಳ ಮೇಲೆ ಮತ್ತೆ ಅವಳ ಹತ್ತಿರವೇ ಬರುತ್ತಾರೆ.

ಅವಳು ನೋಡುವ ಕ್ರಮವೇ ಬೇರೆ. ನಾಣ್ಯದ ಮುಖ ನೋಡುವುದು ಅವಳಿಗೆ ಕೊನೆಯ ಕೆಲಸ. ಮೊದಲು ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಓಡಿಸುತ್ತಾಳೆ. ಗೀರುಗಳು ಬರೀ ನೇರವಾಗಿದ್ದರೆ ಹಳೆಯ ಗಟ್ಟಿ ಬೆಳ್ಳಿ. ಗೀರುಗಳ ನಡುವೆ ಸಣ್ಣ ಕಾಲುವೆಯಂತೆ ಒಂದು ಗೆರೆ ಹರಿದಿದ್ದರೆ ಎರಡನೇ ಮಹಾಯುದ್ಧದ ಕಾಲದ್ದು, ಅರ್ಧ ಬೆಳ್ಳಿ, ಅರ್ಧ ಬೇರೆ ಲೋಹ. ಆಮೇಲೆ ಅಂಗೈ ಮೇಲಿಟ್ಟು ತೂಕ ನೋಡುತ್ತಾಳೆ. ಆಮೇಲೆ ಕರಿಕಲ್ಲಿನ ಮೇಲೆ ಬೀಳಿಸಿ ಕಿವಿ ಕೊಡುತ್ತಾಳೆ. ಗಟ್ಟಿ ಬೆಳ್ಳಿಯ ಸದ್ದು ಬೇಗ ಸಾಯುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಕನ್ನಡಕ ಹಾಕಿಕೊಂಡು ಇಸವಿ ಓದುತ್ತಾಳೆ. ಅಪರೂಪದ ಇಸವಿಯಾಗಿದ್ದು, ಯಾರೂ ಉಜ್ಜದೆ, ತೂತು ಹೊಡೆಯದೆ, ಬೆಸುಗೆ ಹಾಕದೆ ಉಳಿದಿದ್ದರೆ ಮಾತ್ರ ನಾಣ್ಯ ಕೂಡಿಡುವವರು ಹೆಚ್ಚಿನ ಬೆಲೆ ಕೊಡುತ್ತಾರೆ. ಉಳಿದದ್ದಕ್ಕೆ ತಕ್ಕಡಿಯೇ ಗತಿ. ಬೆಲೆ ಹೇಳಿದ ನಾಣ್ಯವನ್ನು ಅವಳು ತಾನು ಕೊಳ್ಳುವುದಿಲ್ಲ. ನೋಡಿದ್ದಕ್ಕೆ ಕೂಲಿ ಇಸಿದುಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯಿತು.

ಈ ವಿದ್ಯೆ ಬಂದದ್ದು ಅಪ್ಪ ಮುಕ್ತಾರ್ ಅಹಮದರಿಂದ. ಆದರೆ ಅವರು ಬೆಲೆ ಹೇಳುವವರಾಗಿರಲಿಲ್ಲ, ನಾಣ್ಯಕ್ಕೆ ಕುಣಿಕೆ ಹಾಕುವವರಾಗಿದ್ದರು. ಸುತ್ತಲಿನ ತಾಂಡಾಗಳ ಲಂಬಾಣಿ ಹೆಂಗಸರು ಬೆಳ್ಳಿ ರೂಪಾಯಿಗಳನ್ನು ಗಂಟು ಕಟ್ಟಿಕೊಂಡು ತರುತ್ತಿದ್ದರು. ಮುಕ್ತಾರ್ ಸಾಹೇಬರು ಒಂದೊಂದಕ್ಕೂ ಸಣ್ಣ ಬೆಳ್ಳಿ ಕುಣಿಕೆಯನ್ನು ಬೆಂಕಿಯಲ್ಲಿ ಬೆಸೆದು, ದಾರಕ್ಕೆ ಪೋಣಿಸಿ ರೂಪಾಯಿ ಹಾರ ಮಾಡಿಕೊಡುತ್ತಿದ್ದರು. ಫ್ರಾಕ್ ಹಾಕುವ ವಯಸ್ಸಿನಿಂದಲೂ ಮಾಜಿದಾ ಅಪ್ಪನ ಪಕ್ಕ ಕೂತು ನಾಣ್ಯ ವಿಂಗಡಿಸುತ್ತಿದ್ದಳು, ಗಟ್ಟಿ ಬೆಳ್ಳಿ ಒಂದು ಕಡೆ, ಅರ್ಧ ಬೆಳ್ಳಿ ಒಂದು ಕಡೆ. ಮದುವೆಯಾಗಿ, ಮಕ್ಕಳು ದೊಡ್ಡವರಾಗಿ, ಅಪ್ಪನ ಕೈ ನಡುಗತೊಡಗಿದ ಮೇಲೆ ಅಂಗಡಿಗೆ ಬಂದು ಕೂತಳು. ಹೆಂಗಸು ಪೇಟೆಯಲ್ಲಿ ಕೂರುವುದು ಚೆಂದವೇ ಎಂದು ನೆಂಟರೊಬ್ಬರು ತಕರಾರು ತೆಗೆದಾಗ, "ನೀವು ಬಂದು ಕೂತ್ಕೊಳ್ಳಿ, ನಾನು ಮನೇಲಿರ್ತೀನಿ. ಇದು ಯಾವ ಕಾಲದ ರೂಪಾಯಿ, ಹೇಳಿ ನೋಡೋಣ" ಎಂದು ಒಂದು ನಾಣ್ಯವನ್ನು ಅವರ ಕೈಗಿಟ್ಟಿದ್ದಳು. ಆ ನೆಂಟರು ಈಗಲೂ ಆ ಬೀದಿಯಲ್ಲಿ ಓಡಾಡುತ್ತಾರೆ, ಎದುರಿನ ಬದಿಯಿಂದ.

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಸಾವಿತ್ರಿಬಾಯಿ ಬಂದಳು. ಈಸೂರಿನಿಂದ ಆಚೆಯ ಒಂದು ತಾಂಡಾದವಳು, ಮಾಜಿದಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಾದರೂ ಅವಳನ್ನು ಅಕ್ಕಾ ಎನ್ನುವವಳು. ಜೊತೆಯಲ್ಲಿ ಮಗ ವಿಕ್ರಮ್ ಇದ್ದ, ಬಾಡಿಗೆಗೆ ಗೂಡ್ಸ್ ಗಾಡಿ ಓಡಿಸುವ ಹುಡುಗ. ಸಾವಿತ್ರಿಬಾಯಿಯ ತಾಯಿ ಜಮ್ಲಿಬಾಯಿ ತೀರಿಕೊಂಡು ವರ್ಷವಾಗಿತ್ತು. ಅವಳ ರೂಪಾಯಿ ಹಾರ ಮಾರಿ ಸ್ವಂತ ಗಾಡಿ ಮಾಡಬೇಕೆಂದು ಮಗನ ಆಸೆ. ಸಾವಿತ್ರಿಬಾಯಿಗೂ ಅದಕ್ಕೆ ಬೇಸರವಿರಲಿಲ್ಲ.

ವಿಕ್ರಮ್ ಹಾರವನ್ನು ಮೇಜಿನ ಮೇಲಿಟ್ಟವನೇ ನೇರವಾಗಿ ವಿಷಯಕ್ಕೆ ಬಂದ. "ಶಿವಮೊಗ್ಗದಲ್ಲಿ ಒಂದು ಅಂಗಡೀಲಿ ತೋರಿಸಿದ್ವಿ. ಇದರಾಗ ಏಳೆಂಟು ಖೋಟಾ ಅಂದ್ರು. ಕಲ್ಲಿಗೆ ಬಡಿದ್ರೆ ಸದ್ದೇ ಇಲ್ಲ. ಕುಣಿಕೆ ಹಾಕಿದೋರು ಅಸಲಿ ಇಟ್ಕೊಂಡು ನಕಲಿ ಕೊಟ್ಟಾರೆ ಅಂದ್ರು. ಹಾಕಿದ್ದು ನಿಮ್ಮಪ್ಪ ಅಲ್ಲೇನ್ರೀ?"

ಸಾವಿತ್ರಿಬಾಯಿ ನೆಲ ನೋಡುತ್ತಿದ್ದಳು. "ನಾನು ಅನ್ನಲಿಲ್ಲ ಅಕ್ಕಾ," ಎಂದಳು. "ಆದ್ರೆ ಮಾತು ತಾಂಡಾ ತುಂಬ ಆಗೈತೆ. ಎಲ್ಲರೂ ತಮ್ಮ ತಮ್ಮ ಹಾರ ತೆಗೆದು ಬಡಿದು ನೋಡಾಕ ಹತ್ಯಾರ."

ಮಾಜಿದಾಳಿಗೆ ಮೈ ಉರಿಯಿತು. ಆದರೂ ನಕ್ಕಳು. "ವಿಕ್ರಮ್, ಗುಡಿ ಗಂಟೇನ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಬಾರಿಸು. ಸದ್ದು ಬರುತ್ತಾ? ಬೆಸುಗೆ ದಪ್ಪ ಬಿದ್ದ ನಾಣ್ಯಾನೂ ಹಂಗೇ. ಆ ಅಂಗಡಿಯೋರಿಗೆ ಬಿಡಿ ನಾಣ್ಯ ಗೊತ್ತಿರಬೇಕು, ಹಾರದ ನಾಣ್ಯ ಗೊತ್ತಿಲ್ಲ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮಾಜಿದಾ ನಿಲ್ಲಿಸುವವಳಲ್ಲ. "ಭಾನುವಾರ ನಾನೇ ತಾಂಡಾಕ್ಕೆ ಬರ್ತೀನಿ. ಎಲ್ಲರ ಎದುರಿಗೆ ಕುಣಿಕೆ ಬಿಡಿಸಿ ಸದ್ದು ಕೇಳಿಸ್ತೀನಿ. ನಮ್ಮಪ್ಪನ ಕೈ ದಾಟಿದ ಹಾರದಲ್ಲಿ ಒಂದೇ ಒಂದು ಖೋಟಾ ಸಿಕ್ಕಿದ್ರೂ ಈ ಅಂಗಡಿ ಬಾಗಿಲು ಹಾಕ್ತೀನಿ, ಆಯ್ತಾ?"

ಆಯ್ತು ಎಂದ ವಿಕ್ರಮ್. ಹಾರವನ್ನು ಅವರಿಗೆ ಹಿಂದಿರುಗಿಸಲು ಮಾಜಿದಾ ಎತ್ತಿಕೊಂಡಳು. ಅಭ್ಯಾಸಬಲ ನೋಡಿ, ಬೆರಳುಗಳು ತಾವಾಗಿಯೇ ನಾಣ್ಯದಿಂದ ನಾಣ್ಯಕ್ಕೆ ಅಂಚು ಸವರಿಕೊಂಡು ಹೋದವು. ಕತ್ತಿನ ಹಿಂಭಾಗಕ್ಕೆ ಬರುವ, ಜಡೆಯ ಅಡಿ ಮುಚ್ಚಿಹೋಗುವ ಜಾಗದಲ್ಲಿದ್ದ ನಾಣ್ಯದ ಮೇಲೆ ನಿಂತವು. ಅದಕ್ಕೆ ಬೆಸುಗೆ ಇರಲಿಲ್ಲ. ತೂತು ಹೊಡೆದು, ತೆಳುವಾದ ಬೆಳ್ಳಿ ತಂತಿಯನ್ನು ಬಹಳ ನಾಜೂಕಾಗಿ ಸುತ್ತಿ ಕಟ್ಟಿದ್ದರು. ಅಂಚು ಸೋಪಿನಂತೆ ಜಾರುತ್ತಿತ್ತು, ಕೈಗೆ ಹಗುರ. ಸೀಸ, ತವರ ಕಲಸಿ ಎರಕ ಹೊಯ್ದದ್ದು. ಖೋಟಾ ಎಂದು ತಿಳಿಯಲು ಅವಳಿಗೆ ಕಲ್ಲೂ ಬೇಕಿರಲಿಲ್ಲ, ಕನ್ನಡಕವೂ ಬೇಕಿರಲಿಲ್ಲ.

ಅವಳು ಹಾರವನ್ನು ಮಡಚಿ ಸಾವಿತ್ರಿಬಾಯಿಯ ಕೈಗೆ ಕೊಟ್ಟಳು. ಅವರು ಹೋದ ಮೇಲೆ ಒಂದು ಚೊಂಬು ನೀರು ಕುಡಿದಳು. ತಂತಿಯ ಆ ಸುತ್ತು ಅಪ್ಪನದೇ, ಹಾರದ ಕೊಂಡಿಗಳಿಗೆ ಅವರು ಸುತ್ತುತ್ತಿದ್ದದ್ದು ಹೀಗೆಯೇ. ಅಷ್ಟು ಒತ್ತಾಗಿ, ತುದಿ ಕಾಣದಂತೆ ಒಳಕ್ಕೆ ಮಡಚುವವರು ಈ ಸೀಮೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾದರೆ ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದು ಕಟ್ಟಿದ್ದರು. ಅವಳಿಗೆ ಅಂಗಡಿಯ ಚಿಂತೆಗಿಂತ ಅದು ಹೆಚ್ಚು ನೋಯಿಸಿತು.

ಮರುದಿನ ಬೆಳಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಸೊರಬಕ್ಕೆ ಹೋದಳು. ಮುಕ್ತಾರ್ ಸಾಹೇಬರು ಈಗ ಅಲ್ಲಿ ಕಿರಿಯ ಮಗಳು ನಿಶಾತಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕೈ ನಡುಗುತ್ತದೆ, ನೆನಪು ಮಾತ್ರ ಚೂರೂ ಮಾಸಿಲ್ಲ. ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಮಾಜಿದಾ ಚಪ್ಪಲಿ ಬಿಡುವ ಮೊದಲೇ ಕಥೆಯೆಲ್ಲ ಹೇಳಿದಳು. ತಂತಿ ಕಟ್ಟಿದ ನಾಣ್ಯದ ವಿಷಯ ಬಂದಾಗ ಅವರ ಕೈ ನಿಂತಿತು.

"ಸೋಮ್ಲಾನಾಯ್ಕ ಇದ್ದಾನಾ ಇನ್ನೂ?" ಎಂದು ಕೇಳಿದರು.

ಸೋಮ್ಲಾನಾಯ್ಕ ಜಮ್ಲಿಬಾಯಿಯ ಗಂಡ, ಸಾವಿತ್ರಿಬಾಯಿಯ ಅಪ್ಪ. "ಇದ್ದಾರೆ," ಎಂದಳು ಮಾಜಿದಾ. "ಗಟ್ಟಿಮುಟ್ಟಾಗೇ ಇದ್ದಾರಂತೆ."

"ಹಾಗಾದ್ರೆ ನನ್ನ ಕೇಳಬೇಡ. ಕಳ್ಳ ಅಂತಾರಾ, ಅನ್ನಲಿ ಬಿಡು."

"ಅಬ್ಬಾಜಾನ್, ನಿಮ್ಮನ್ನ ಕಳ್ಳ ಅಂತ ನನ್ನ ಎದುರಿಗೇ ಅಂದಿದಾರೆ. ನೀವು ಬಿಟ್ರೂ ನಾನು ಬಿಡಲ್ಲ. ಸುಳ್ಳಾದ್ರೆ ಸುಳ್ಳು ಅನ್ನಿ, ನಿಜ ಆದ್ರೆ ನಿಜ ಅನ್ನಿ. ಒಂದು ನಾಣ್ಯಕ್ಕೆ ಒಂದೇ ಮಾತು ಹೇಳೋಕೆ ನೀವೇ ಕಲಿಸಿದ್ದು."

ಮುದುಕರು ಮಗಳ ಮುಖವನ್ನು ನೋಡಿದರು. ಈ ಮುಖ ಉತ್ತರ ಸಿಗದೆ ಬಸ್ಸು ಹತ್ತುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ ಹೇಳಿದರು. ಸೋಮ್ಲಾನಾಯ್ಕನ ಮನೆತನದಲ್ಲಿ ಒಂದು ರೂಢಿ ಇತ್ತು. ಮದುವೆಗೆ ಗಂಡು ತನ್ನ ಮೈ ಮುರಿದು ದುಡಿದ ಒಂದು ಬೆಳ್ಳಿ ರೂಪಾಯಿಯನ್ನು ಹೆಣ್ಣಿಗೆ ಕೊಡಬೇಕು. ಆ ಕಾಲಕ್ಕೆ ಬೆಳ್ಳಿ ರೂಪಾಯಿ ಚಲಾವಣೆಯಲ್ಲಿ ಇರಲಿಲ್ಲ. ಆದ್ದರಿಂದ ಸೋಮ್ಲಾ ದೂರದ ಒಬ್ಬ ಸಾಹುಕಾರನ ಗದ್ದೆಯಲ್ಲಿ ಸುಗ್ಗಿ ಮುಗಿಯುವವರೆಗೂ ದುಡಿದು, ಕೂಲಿಯ ಬದಲು ಬೆಳ್ಳಿ ರೂಪಾಯಿಯನ್ನೇ ಬೇಡಿ ತಂದ. ಆ ಸಾಹುಕಾರ ಕೊಟ್ಟದ್ದು ಖೋಟಾ. ಸೋಮ್ಲಾನಿಗೆ ಅದು ತಿಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ಜಮ್ಲಿಬಾಯಿ ತವರಿನ ನಾಣ್ಯಗಳ ಜೊತೆ ಅದನ್ನೂ ಕುಣಿಕೆಗೆ ತಂದಳು.

"ಕಲ್ಲಿಗೆ ಹಾಕಿದೆ, ಗೊತ್ತಾಯ್ತು, ಹೇಳಿದೆ. ನನಗೂ ಆಗ ಚಿಕ್ಕ ವಯಸ್ಸು, ಹೇಳೋ ರೀತಿ ಗೊತ್ತಿರಲಿಲ್ಲ. ಆ ಹುಡುಗಿ ಅಳಲಿಲ್ಲ, ಏನಿಲ್ಲ. ನಾಣ್ಯಾನ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ಲು. ಆಮೇಲೆ, ಇದನ್ನೂ ಸೇರಿಸಿ ಕಟ್ಟು ಸಾಬಣ್ಣಾ, ಅವ್ರಿಗೆ ಗೊತ್ತಾಗೋದು ಬ್ಯಾಡ ಅಂದ್ಲು. ಇದನ್ನ ಬೆಂಕಿಗೆ ಹಿಡಿದ್ರೆ ಕರಗಿ ಹೋಗುತ್ತಮ್ಮ ಅಂದೆ. ಹಂಗಾದ್ರೆ ಬೆಂಕಿಗೆ ಹಿಡೀಬ್ಯಾಡ, ಬೇರೆ ಹೆಂಗಾದ್ರೂ ಕಟ್ಟು ಅಂದ್ಲು. ಅದಕ್ಕೇ ತಂತಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಇವತ್ತು ನಿನ್ನಿಂದ ಅದು ಮುರೀತು." ಅವರು ಮತ್ತೆ ಶೇಂಗಾ ಕೈಗೆತ್ತಿಕೊಂಡರು. "ಆ ಮುದುಕನ ಕಿವಿಗೆ ಮಾತ್ರ ಇದು ಬೀಳಬಾರದು. ನೋಡ್ಕೋ."

ಮಾಜಿದಾ ಅಪ್ಪನ ಪಕ್ಕ ಕೂತು ತಾನೂ ಶೇಂಗಾ ಸುಲಿಯತೊಡಗಿದಳು. ಒಂದು ರಾತ್ರಿಯ ಮಟ್ಟಿಗಾದರೂ ಈ ಮನುಷ್ಯನನ್ನು ಅನುಮಾನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಇಕ್ಕಟ್ಟು ಅರ್ಥವಾಯಿತು. ಖೋಟಾ ಎಂದರೆ ಅಪ್ಪ ಕಳ್ಳನಾಗುತ್ತಾರೆ. ಅಪ್ಪ ಕಳ್ಳನಲ್ಲ ಎಂದು ತೋರಿಸಬೇಕಾದರೆ ಒಬ್ಬ ಮುದುಕನಿಗೆ ಅವನ ಮದುವೆಯ ರೂಪಾಯಿ ಬರೀ ಸೀಸ-ತವರದ್ದು ಎಂದು ಹೇಳಬೇಕು. ಬೆಳ್ಳಿ ಎಂದುಬಿಟ್ಟರೆ ಎಲ್ಲರೂ ಖುಷಿ. ಆದರೆ ನಾಣ್ಯದ ಬಗ್ಗೆ ಅವಳ ಬಾಯಲ್ಲಿ ಈವರೆಗೆ ಸುಳ್ಳು ಬಂದಿರಲಿಲ್ಲ. ಯಾವತ್ತೂ ಮಾತಿಗೆ ತಡವರಿಸದವಳು ಶಿಕಾರಿಪುರ ಬರುವವರೆಗೂ ಕಿಟಕಿಯ ಆಚೆ ನೋಡುತ್ತಲೇ ಇದ್ದಳು.

ಭಾನುವಾರ ಗ್ಯಾಸ್ ಟಾರ್ಚು, ಇಕ್ಕಳ, ಕರಿಕಲ್ಲು ಚೀಲಕ್ಕೆ ಹಾಕಿಕೊಂಡು ತಾಂಡಾಕ್ಕೆ ಹೋದಳು. ಅಂಗಳದಲ್ಲಿ ಜನ ಸೇರುವ ಮೊದಲು ಸಾವಿತ್ರಿಬಾಯಿಯನ್ನು ಅಡುಗೆ ಕೋಣೆಗೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಾರ ಅವಳದು, ಅವಳಿಗೆ ಮುಚ್ಚಿಟ್ಟು ಬೆಲೆ ಹೇಳುವುದು ಮಾಜಿದಾಳಿಗೆ ಒಗ್ಗುವುದಿಲ್ಲ. ಸಾವಿತ್ರಿಬಾಯಿ ಒಲೆಯ ಪಕ್ಕ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಸಾಯೋ ತನಕ ಹಿಂದಿನ ರೂಪಾಯಿ ಮುಟ್ಟಬ್ಯಾಡ್ರಿ ಅಂತಿದ್ಲು ನಮ್ಮವ್ವ," ಎಂದಳು. ಕಣ್ಣು ಒರೆಸಿಕೊಂಡು ಎದ್ದಾಗ ಹೇಳಿದ್ದು ಒಂದೇ ಮಾತು. "ಅಪ್ಪಗ ಗೊತ್ತಾಗಬಾರದು ಅಕ್ಕಾ."

ಹೊರಗೆ ಹೆಂಗಸರು ತಮ್ಮ ತಮ್ಮ ಹಾರಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಯಾರ ಮುಖದಲ್ಲೂ ಎಂದಿನ ಸಲಿಗೆ ಇರಲಿಲ್ಲ. ಸೋಮ್ಲಾನಾಯ್ಕರು ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಬಿಳಿ ಪೇಟ, ಹೊಸದಾಗಿ ಒಗೆದ ಪಂಚೆ. ಮಾಜಿದಾ ಕಲ್ಲನ್ನು ಎಲ್ಲರಿಗೂ ಕಾಣುವಂತೆ ಮಧ್ಯಕ್ಕೆ ಇಟ್ಟಳು. ವಿಕ್ರಮ್ ದಾರದ ಒಂದು ತುದಿ ಬಿಚ್ಚಿ, ಶಿವಮೊಗ್ಗದಲ್ಲಿ ಖೋಟಾ ಎನಿಸಿಕೊಂಡ ನಾಣ್ಯಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟ. ಮೊದಲನೆಯದನ್ನು ಕುಣಿಕೆ ಸಮೇತ ಕಲ್ಲಿಗೆ ಹಾಕಿದಳು. ಟಪ್ ಎಂದು ಬಿತ್ತು, ಅಷ್ಟೇ. ಹೆಂಗಸರು ಮುಖ ಮುಖ ನೋಡಿಕೊಂಡರು. ಅದನ್ನೇ ಇಕ್ಕಳದಲ್ಲಿ ಹಿಡಿದು ಉರಿ ಕೊಟ್ಟು, ಕುಣಿಕೆ ಬಿಡಿಸಿ, ಉಳಿದ ಬೆಸುಗೆಯನ್ನು ಕೆರೆದು, ನೀರಿಗೆ ಅದ್ದಿ ಮತ್ತೆ ಹಾಕಿದಳು. ಈ ಸಲ ನಾಣ್ಯ ಹಾಡಿತು. ಸದ್ದು ಅಂಗಳದ ಆ ತುದಿಯವರೆಗೂ ಹೋಯಿತು. ಮಂಚದ ಮೇಲಿನ ಮುದುಕರು ಕಿವಿಯ ಹತ್ತಿರ ಕೈ ತಂದರು.

ಎರಡನೆಯದೂ ಹಾಡಿತು. ಮೂರನೆಯದೂ ಹಾಡಿತು. ಮಾಜಿದಾಳ ಕೈಗೆ ಹಳೆಯ ಬಿರುಸು ಬಂತು, ಬಾಯಿಗೂ ಬಂತು. "ಇದು ರಾಣಿ ಕಾಲದ್ದು, ಗಟ್ಟಿ ಬೆಳ್ಳಿ. ಇದು ಅವಳ ಮೊಮ್ಮಗನ ಕಾಲದ್ದು, ಇದೂ ಗಟ್ಟಿ. ಇದು ಅರ್ಧ ಬೆಳ್ಳಿ, ಆದ್ರೆ ಖೋಟಾ ಅಲ್ಲ, ಸರ್ಕಾರವೇ ಹಂಗೆ ಹೊಡೆಸಿದ್ದು. ಕೇಳ್ರಿ, ಕೇಳ್ರಿ, ಕಿವಿ ಕೊಟ್ಟು ಕೇಳ್ರಿ." ಹೆಂಗಸರು ಹತ್ತಿರ ಹತ್ತಿರ ಸರಿದು ಕೂತರು. ಒಬ್ಬಳು, "ನಾನು ಆಗಲೇ ಹೇಳಿದ್ದೆ, ಸಾಬಣ್ಣ ಅಂಥೋನಲ್ಲ" ಎಂದಳು. ಎಲ್ಲರಿಗಿಂತ ಹೆಚ್ಚು ಬಾಯಿ ಮಾಡಿದ್ದವಳು ಅವಳೇ ಎಂದು ಪಕ್ಕದವಳು ನೆನಪಿಸಿದಳು. ಅಂಗಳದಲ್ಲಿ ನಗು ಎದ್ದಿತು.

ಕೊನೆಗೆ ವಿಕ್ರಮ್, "ಇನ್ನೊಂದು ಐತ್ರೀ, ಹಿಂದಿಂದು" ಎಂದ.

ಸಾವಿತ್ರಿಬಾಯಿ ಕೈ ಚಾಚಿ ಹಾರವನ್ನು ತನ್ನ ಕಡೆ ಎಳೆದುಕೊಂಡಳು. "ಅದು ಮಾರೋದಲ್ಲ. ಅದರ ಬೆಲೆ ನಾವು ಕೇಳಂಗಿಲ್ಲ."

"ಯಾಕವ್ವಾ? ಶಿವಮೊಗ್ಗದಾಗ ಅದನ್ನೇ ಮೊದಲು ಖೋಟಾ ಅಂದಿದ್ರು."

ಹೆಂಗಸರು ಮತ್ತೆ ತಮ್ಮ ಹಾರಗಳನ್ನು ಮಡಿಲಿಗೆ ಎಳೆದುಕೊಂಡರು. ಆಗ ಮಂಚದ ಮೇಲಿನಿಂದ ಸೋಮ್ಲಾನಾಯ್ಕರು ಮಾತಾಡಿದರು. "ಅದು ನಂದು," ಎಂದರು. "ನನ್ನ ಮದುವಿ ರೂಪಾಯಿ. ಒಂದು ಸುಗ್ಗಿ ಪೂರ್ತಿ ಬಗ್ಗಿ ಕೊಯ್ದು ತಂದಿದ್ದು. ಖೋಟಾ ಅಂದೋನಿಗೆ ಏನು ಗೊತ್ತು? ಎಲ್ಲಾ ಮುಂದೆ ಕಾಣಂಗ ಹಾಕ್ಕೊಂಡು ಅದೊಂದನ್ನ ಮಾತ್ರ ಹಿಂದೆ ಕೂದಲಾಗ ಮುಚ್ಚಿಟ್ಟಿದ್ಲು ಆಕಿ. ಯಾರ ಕಣ್ಣೂ ಬೀಳಬಾರದು ಅಂತ." ಅವರು ಮಾಜಿದಾಳ ಕಡೆ ತಿರುಗಿದರು. "ಬೆಲೆ ಬ್ಯಾಡಮ್ಮ. ಅದರ ಸದ್ದು ಒಂದು ಸಲ ಕೇಳಿಸು. ಇವ್ರೆಲ್ಲ ಕೇಳಲಿ."

ಸಾವಿತ್ರಿಬಾಯಿ ಹಾರವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಮಾಜಿದಾ ಹಾರವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಹಿಂದಿನ ನಾಣ್ಯವನ್ನು ಬೆರಳ ತುದಿಯಲ್ಲಿ ಹಿಡಿದಳು. ಕಲ್ಲಿಗೆ ಹಾಕಿದರೆ ತವರ ಟಪ್ ಎನ್ನುತ್ತದೆ. ತಂತಿ ಬಿಚ್ಚಿ ಹಾಕಿದರೂ ಟಪ್ ಎನ್ನುತ್ತದೆ. ಎಲ್ಲರ ಕಣ್ಣೂ ಅವಳ ಕೈ ಮೇಲಿತ್ತು. ಅವಳು ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತಳು.

"ಕಾಕಾ, ಇದನ್ನ ನಾನು ಬಿಚ್ಚಲ್ಲ," ಎಂದಳು. "ಬಿಚ್ಚೋ ಹಕ್ಕು ನನಗಿಲ್ಲ. ಮುಟ್ಟಿ ನೋಡಿ. ಉಳಿದ ಎಲ್ಲಾ ನಾಣ್ಯಕ್ಕೂ ನಮ್ಮಪ್ಪ ಬೆಂಕಿ ಹಿಡಿದು ಕುಣಿಕೆ ಹಾಕಿದಾರೆ. ಇದೊಂದಕ್ಕೆ ಹಾಕಿಲ್ಲ. ಬೆಂಕಿಗೆ ಹಿಡೀಬ್ಯಾಡ, ಬೇರೆ ಹೆಂಗಾದ್ರೂ ಕಟ್ಟು ಅಂತ ಜಮ್ಲಿಬಾಯಿ ಅವ್ವನೇ ಪಕ್ಕದಲ್ಲಿ ಕೂತು ಕಟ್ಟಿಸಿದ್ದಂತೆ. ಮೊನ್ನೆ ಸೊರಬಕ್ಕೆ ಹೋಗಿದ್ದೆ, ನಮ್ಮಪ್ಪ ಹೇಳಿದ್ರು. ಇಷ್ಟು ವರ್ಷದಲ್ಲಿ ಅವರು ನಾಣ್ಯಾನ ಹಿಂಗೆ ತಂತೀಲಿ ಕಟ್ಟಿಕೊಟ್ಟಿದ್ದು ನನಗೆ ಗೊತ್ತಿರೋ ಹಂಗೆ ಇದೊಂದೇ."

ಒಂದಕ್ಷರವೂ ಸುಳ್ಳಲ್ಲ. ಹೇಳಿ ಮುಗಿಸಿದ ಮೇಲೆ ಮಾಜಿದಾ ಉಸಿರು ಬಿಟ್ಟಳು.

ಸೋಮ್ಲಾನಾಯ್ಕರು ನಾಣ್ಯವನ್ನು ತಮ್ಮ ಬೆರಳಿಗೆ ತೆಗೆದುಕೊಂಡು ತಂತಿಯ ಸುತ್ತನ್ನು ಸವರಿದರು. ಮತ್ತೆ ಸವರಿದರು. "ಬೆಂಕಿಗೆ ಹಿಡಿಯಾಕ ಬಿಡಲಿಲ್ಲ ಅಂತೀಯಾ?" ಎಂದರು.

"ಬಿಡಲಿಲ್ಲ ಕಾಕಾ."

"ನನಗೆ ಒಂದಿನಾನೂ ಹೇಳಲಿಲ್ಲ ನೋಡು. ಇಷ್ಟು ವರ್ಷ ಬಾಳ್ವೆ ಮಾಡಿದ್ವಿ." ಪೇಟದ ತುದಿಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮೊಮ್ಮಗನಿಗೆ, "ಉಳಿದಿದ್ದೆಲ್ಲ ಮಾರ್ಕೊಂಡು ಗಾಡಿ ತಗೋ ಹೋಗು. ಇದು ನನ್ನ ಹತ್ರ ಇರಲಿ" ಎಂದರು.

ವಿಕ್ರಮ್ ತಾಯಿಯ ಮುಖ ನೋಡಿದ, ಮಾಜಿದಾಳ ಮುಖ ನೋಡಿದ. ಅವನಿಗೆ ಎಷ್ಟು ಅರ್ಥವಾಯಿತೋ, "ಆಯ್ತು ಬಿಡಜ್ಜಾ" ಎಂದು ಚಾಕು ತಂದು ಹಾರದ ದಾರವನ್ನು ತಾನೇ ಕತ್ತರಿಸಿದ. ತಂತಿ ಕಟ್ಟಿದ ನಾಣ್ಯವನ್ನು ಅಜ್ಜನ ಅಂಗೈ ಮೇಲಿಟ್ಟ. ನಂತರ ಮಾಜಿದಾಳ ಎದುರು ನಿಂತು, "ನಿಮ್ಮಪ್ಪಾಜಿಗೆ ಹೇಳ್ರೀ, ನಾನು ಅಂದಿದ್ದು ತಪ್ಪಾತು ಅಂತ" ಎಂದ.

"ನೀನೇ ಹೋಗಿ ಹೇಳು. ಸೊರಬ ಏನು ದೂರ ಇಲ್ಲ. ಹೊಸ ಗಾಡೀಲೇ ಹೋಗು," ಎಂದಳು ಮಾಜಿದಾ. ಉಳಿದ ನಾಣ್ಯಗಳ ತೂಕದ ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು. ಮೊದಲು ಮುಖ ಬಿಗಿದುಕೊಂಡು ಕೂತಿದ್ದ ಹೆಂಗಸರು ಈಗ ತಮ್ಮ ಹಾರಗಳನ್ನು ಅವಳ ಮುಂದೆ ಹರಡಿದರು. ಬಿಸಿಲು ಇಳಿಯುವವರೆಗೂ ನೋಡಿ, ಒಬ್ಬೊಬ್ಬರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೂಲಿ ಇಸಿದುಕೊಂಡು ಚೀಲ ಕಟ್ಟಿದಳು.

ಅವಳು ಹೊರಟಾಗ ಸೋಮ್ಲಾನಾಯ್ಕರು ಕೈ ಮುಗಿಯಲು ಮಂಚದಿಂದ ಎದ್ದು ನಿಂತರು. ನಾಣ್ಯ ಹಿಡಿದ ಬಲಗೈಯನ್ನು ಮಾತ್ರ ಅವರು ಬಿಚ್ಚಲಿಲ್ಲ. ಆ ಮುಷ್ಟಿಗೇ ಎಡಗೈ ಸೇರಿಸಿ ಮುಗಿದರು.